ಒಂದು ನಿಮಿಷದ ಪ್ರತಿಭೆ

ಎನ್‌ಟಿಎಸ್‌ಇ ನಿಂತುಹೋಯಿತೆಂದು ಮರುಗುವವರು ಇನ್ನೂ ಇದ್ದಾರೆ. 1963ರಲ್ಲಿ ದೆಹಲಿಯಲ್ಲಿ ಶುರುವಾಗಿ 2021ರ ನಂತರ ನಡೆಯದ ಆ ಪ್ರತಿಭಾ ಶೋಧ ಪರೀಕ್ಷೆಗೆ ಇಷ್ಟು ದೊಡ್ಡ ಹೆಸರು ಸಲ್ಲದೆಂಬುದು ನನ್ನ ಅಭಿಪ್ರಾಯ. ರಾಜ್ಯಮಟ್ಟದ ಮೊದಲ ಸುತ್ತು, ಆಮೇಲೆ ರಾಷ್ಟ್ರಮಟ್ಟ, ಕೊನೆಗೆ ಇಡೀ ದೇಶಕ್ಕೆ ಎರಡು ಸಾವಿರದಷ್ಟು ವಿದ್ಯಾರ್ಥಿವೇತನ. ಅದು ಶೋಧಿಸಿದ್ದು ಬಹುಪಾಲು ಆಗಲೇ ಎಲ್ಲರ ಕಣ್ಣಿಗೆ ಬಿದ್ದಿದ್ದ ಮಕ್ಕಳನ್ನು. ಕಲಬುರಗಿಯಿಂದ ಕಮಲಾಪುರದ ಕಡೆ ಹೋಗುವಾಗ ಸಿಗುವ ಮಹಾಗಾಂವದಂಥ ಊರಿನ ಸರ್ಕಾರಿ ಶಾಲೆಗೆ ನಿಜವಾಗಿ ಸಂಬಂಧಪಟ್ಟದ್ದು ಇನ್ನೊಂದು ಪರೀಕ್ಷೆ, ಎಂಟನೇ ತರಗತಿಯ ಎನ್‌ಎಂಎಂಎಸ್. ಅದರ ಬಗ್ಗೆ ಗಂಭೀರವಾಗಿ ಬರೆದವರು ಕಡಿಮೆ.

2008ರಲ್ಲಿ ಬಂದ ಈ ವಿದ್ಯಾರ್ಥಿವೇತನ ಯೋಜನೆಯ ಉದ್ದೇಶ ಸ್ಪಷ್ಟ. ಎಂಟನೇ ತರಗತಿಯ ನಂತರ ಬಡ ಮಕ್ಕಳು ಶಾಲೆ ಬಿಡಬಾರದು. ವರ್ಷಕ್ಕೆ ದೇಶದಲ್ಲಿ ಒಂದು ಲಕ್ಷ ಮಕ್ಕಳಿಗೆ, ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ, ವರ್ಷಕ್ಕೆ 12,000 ರೂಪಾಯಿ ನೇರ ಖಾತೆಗೆ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯವರಿಗೆ ಮಾತ್ರ. ನವೋದಯದವರಿಗೂ ಸರ್ಕಾರಿ ವಸತಿ ಶಾಲೆಯವರಿಗೂ ಇಲ್ಲ. ತೊಗರಿ ರಾಶಿ ಮುಗಿದ ಮೇಲೆ ಮುಂಬೈ, ಪುಣೆಗೆ ದುಡಿಯಲು ಹೋಗುವ ಮನೆಯಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಎಂದರೆ ಹುಡುಗಿಯನ್ನು ಶಾಲೆಯಲ್ಲೇ ಉಳಿಸಲು ಒಂದು ಕಾರಣ. ಯೋಜನೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಪ್ರಶ್ನೆಪತ್ರಿಕೆಯ ಅರ್ಧ ಭಾಗದ ಬಗ್ಗೆ.

ಪತ್ರಿಕೆ ಎರಡು, ಒಂದೊಂದಕ್ಕೆ 90 ಪ್ರಶ್ನೆ, 90 ನಿಮಿಷ. ಸ್ಯಾಟ್ ಪತ್ರಿಕೆ ವಿಜ್ಞಾನ, ಸಮಾಜ, ಗಣಿತದ ಪಾಠಗಳಿಂದ ಬರುತ್ತದೆ. ಅದು ಪ್ರಾಮಾಣಿಕ ಪತ್ರಿಕೆ. ಓದಿದ ಮಗುವಿಗೆ ಓದಿದ್ದಕ್ಕೆ ಅಂಕ. ಮ್ಯಾಟ್ ಎನ್ನುವ ಬೌದ್ಧಿಕ ಸಾಮರ್ಥ್ಯದ ಪತ್ರಿಕೆಗೆ ಮಾತ್ರ ಒಂದು ವಿಶೇಷ ಮರ್ಯಾದೆ ಇದೆ. ಪಾಠದ ಹಂಗಿಲ್ಲದೆ ಬುದ್ಧಿಯನ್ನಷ್ಟೇ ಅಳೆಯುತ್ತದೆ, ಆದ್ದರಿಂದ ಹಳ್ಳಿಯ ಮಗುವಿಗೆ ಅದೇ ಹೆಚ್ಚು ನ್ಯಾಯವಾದದ್ದು ಎಂಬ ನಂಬಿಕೆ.

ಆ ಪತ್ರಿಕೆಯಲ್ಲಿ ಬರುವ ಅಕ್ಷರ ಸರಣಿಯ ಮಾದರಿಯೊಂದನ್ನು ನೋಡಿ. ಎ, ಸಿ, ಎಫ್, ಜೆ, ಒ, ಮುಂದಿನದು ಯಾವುದು? ಅಂಕಿಗೆ ಇಳಿಸಿದರೆ ಇದು 1, 3, 6, 10, 15. ಎರಡು ಕೂಡಿಸು, ಮೂರು ಕೂಡಿಸು, ನಾಲ್ಕು, ಐದು. ಮುಂದಿನದು 21, ಅಂದರೆ ಯು. ಒಳಗಿರುವ ಗಣಿತ ಚೆಂದದ್ದು. ಕಲ್ಲುಗಳನ್ನು ಸಾಲುಸಾಲಾಗಿ ಜೋಡಿಸಿ ಆಡಿದ ಮಗು ಅದನ್ನು ತಾನೇ ಕಂಡುಕೊಳ್ಳಬಲ್ಲದು. ಆದರೆ ಆ ಗಣಿತ ಕಣ್ಣಿಗೆ ಬೀಳಬೇಕಾದರೆ ಜೆ ಹತ್ತನೆಯದು, ಒ ಹದಿನೈದನೆಯದು ಎಂದು ಮೊದಲೇ ಗೊತ್ತಿರಬೇಕು. ಕನ್ನಡ ಮಾಧ್ಯಮದ ಮಗು ಒಂದನೇ ತರಗತಿಯಿಂದ ಇಂಗ್ಲಿಷ್ ಅಕ್ಷರ ಕಲಿತಿರುತ್ತದೆ, ಅದಕ್ಕೆ ಕ್ರಮಸಂಖ್ಯೆಯನ್ನು ಯಾರೂ ಕಲಿಸಿರುವುದಿಲ್ಲ. ಅದು ಬೆರಳು ಮಡಚಿ ಎಯಿಂದ ಎಣಿಸುತ್ತ ಹೋಗುತ್ತದೆ. ಅಷ್ಟರಲ್ಲಿ ಅದರ ಪಾಲಿನ ಒಂದು ನಿಮಿಷ ಮುಗಿಯುತ್ತದೆ. ತರಬೇತಿ ಪಡೆದ ಮಗು ಇ, ಜೆ, ಒ, ಟಿ, ವೈ ಎಂಬ ಐದು ಅಕ್ಷರಕ್ಕೆ 5, 10, 15, 20, 25 ಎಂದು ಬಾಯಿಪಾಠ ಮಾಡಿ ಬಂದಿರುತ್ತದೆ. ಅದು ಹತ್ತು ಸೆಕೆಂಡಿನಲ್ಲಿ ಮುಂದೆ ಹೋಗುತ್ತದೆ. ಇಬ್ಬರ ನಡುವಿನ ವ್ಯತ್ಯಾಸ ಬುದ್ಧಿಯದ್ದಲ್ಲ, ಒಂದು ಮಧ್ಯಾಹ್ನದ ಪಾಠದ್ದು. ಸಂಕೇತ ಭಾಷೆಯ ಪ್ರಶ್ನೆಗಳದ್ದೂ ಇದೇ ಕಥೆ. ಅದೇ ಸರಣಿಯನ್ನು ಅಂಕಿಯಲ್ಲೇ ಕೇಳಿದರೆ ಯೋಚನೆಯ ಪರೀಕ್ಷೆ ಪೂರ್ತಿ ಉಳಿಯುತ್ತದೆ, ಅಡ್ಡಗೋಡೆ ಮಾತ್ರ ಹೋಗುತ್ತದೆ.

ಇಲ್ಲಿ ಎರಡು ಬಗೆಯ ಪಂಡಿತರು ಎದುರಾಗುತ್ತಾರೆ. ಮೊದಲನೆಯವರು 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ತೋರಿಸುತ್ತಾರೆ. ಕಲಬುರಗಿ ಶೇ 42.43, ರಾಜ್ಯಕ್ಕೇ ಕೊನೆ. ಇಲ್ಲಿ ಪ್ರತಿಭೆಯೇ ಕಡಿಮೆ ಎಂಬುದು ಅವರ ಇಂಗಿತ. ಆ ಅಂಕಿ ಹೇಳುವುದು ಶಾಲೆಗಳ ಸ್ಥಿತಿಯನ್ನು. ಶಾಲೆ ಸೋತ ಕಡೆಯೂ ಮಗುವಿನ ಬುದ್ಧಿಯನ್ನು ಗುರುತಿಸಲೆಂದೇ ಮ್ಯಾಟ್ ಪತ್ರಿಕೆ ಇದೆಯಲ್ಲವೇ? ಅದೇ ಕೆಲಸವನ್ನು ಅದು ಮಾಡುತ್ತಿಲ್ಲ. ಎರಡನೆಯವರು ಒಳ್ಳೆಯ ಮನಸ್ಸಿನವರು, ಊರೂರಿಗೆ ಕೋಚಿಂಗ್ ಕೊಡಿ ಎನ್ನುತ್ತಾರೆ. ಇವರ ಮೇಲೆ ನನಗೆ ಹೆಚ್ಚು ಸಿಟ್ಟು. ಬಡ ಮಗುವನ್ನು ಹುಡುಕುವ ಪರೀಕ್ಷೆಗೆ ಕೋಚಿಂಗ್ ಬೇಕೆಂದು ಒಪ್ಪಿಕೊಂಡ ದಿನ ಆ ಪರೀಕ್ಷೆಯ ಮುಖ್ಯ ವಾದವನ್ನೇ ಬಿಟ್ಟುಕೊಟ್ಟಂತೆ. ದುಡ್ಡಿರುವ ಊರು ಯಾವಾಗಲೂ ಹೆಚ್ಚು ಕೋಚಿಂಗ್ ಕೊಡುತ್ತದೆ.

ಅರ್ಹತೆಗೆ ಎರಡೂ ಪತ್ರಿಕೆ ಸೇರಿ ಶೇ 40, ಪರಿಶಿಷ್ಟರಿಗೆ ಶೇ 32. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇದು ಏರಲಾಗದ ಎತ್ತರವಲ್ಲ. ಆದರೆ ಅರ್ಹತೆಯ ಮೇಲೆ ಸ್ಪರ್ಧೆ ಇದೆ, ಅಲ್ಲಿ ಹತ್ತು ಅಂಕವೇ ನಾಲ್ಕು ವರ್ಷದ 48,000 ರೂಪಾಯಿಯನ್ನು ತೀರ್ಮಾನಿಸಬಹುದು.

ಪರೀಕ್ಷಾ ಮಂಡಳಿ ಅಕ್ಷರ ಸರಣಿಗಳನ್ನು ಕೈಬಿಡಲಿ, ಇಲ್ಲವೇ ಪ್ರಶ್ನೆಪತ್ರಿಕೆಯ ಮೊದಲ ಪುಟದಲ್ಲೇ ಅಕ್ಷರಗಳನ್ನು ಕ್ರಮಸಂಖ್ಯೆಯೊಂದಿಗೆ ಅಚ್ಚು ಮಾಡಲಿ. ಎರಡು ಪತ್ರಿಕೆಗಳ ಅಂಕಗಳನ್ನು ತಾಲೂಕುವಾರು ಬೇರೆ ಬೇರೆಯಾಗಿ ಪ್ರಕಟಿಸಲಿ. ಅಲ್ಲಿಯವರೆಗೆ ಕಮಲಾಪುರ ತಾಲೂಕಿನ ಶಿಕ್ಷಕರಲ್ಲಿ ಒಂದು ವಿನಂತಿ: ಆ ಇಪ್ಪತ್ತಾರು ಅಕ್ಷರಗಳ ಸಂಖ್ಯೆಯನ್ನು ಏಳನೇ ತರಗತಿಯ ಗೋಡೆಯ ಮೇಲೆ ಇವತ್ತೇ ಬರೆದುಬಿಡಿ.