ತಂಗಡಿಯ ಒಗರು

ತಂಗಡಿಯ ಮೊಗ್ಗನ್ನು ಬಾಯಿಗೆ ಹಾಕಿಕೊಂಡ ಕೂಡಲೆ ಏನೂ ಆಗುವುದಿಲ್ಲ. ಹಲ್ಲಿಗೆ ಮೆತ್ತಗೆ ಸಿಗುತ್ತದೆ, ಎಳೆ ಹೆಸರುಕಾಯಿ ಕಡಿದಂಥ ಹಸಿ ವಾಸನೆ, ಅಷ್ಟೇ. ನಾಲ್ಕು ಸಲ ಅಗಿದ ಮೇಲೆ ನಾಲಿಗೆಯ ಅಂಚು ಮೆಲ್ಲಗೆ ಒಳಕ್ಕೆ ಸರಿಯತೊಡಗುತ್ತದೆ. ಒಳಗೆನ್ನೆ ಬಿಗಿಯುತ್ತದೆ. ಬಾಯಲ್ಲಿದ್ದ ನೀರನ್ನೆಲ್ಲ ಯಾರೋ ಒಣಬಟ್ಟೆಯಿಂದ ಒರೆಸಿಕೊಂಡು ಹೋದಂತಾಗುತ್ತದೆ. ಹಿಂದೆಯೇ ಒಂದೆಳೆ ಕಹಿ ಬಂದು ನಿಲ್ಲದೆ ಹೋಗುತ್ತದೆ. ಆಮೇಲೆ ಒಂದು ಗುಟುಕು ನೀರು ಕುಡಿದು ನೋಡಬೇಕು. ನಮ್ಮೂರ ಸವಳು ನೀರೂ ಸಿಹಿ ಅನ್ನಿಸುತ್ತದೆ.

ಇದು ಒಗರು. ಆಯುರ್ವೇದ ಇದನ್ನು ಕಷಾಯ ರಸ ಎಂದು ಕರೆದು ಆರು ರಸಗಳ ಸಾಲಿನಲ್ಲಿ ಕಟ್ಟಕಡೆಗೆ ಕೂರಿಸಿದೆ. ಸಿಹಿಗೆ ಹಬ್ಬಗಳಿವೆ, ಖಾರದ ಬಗ್ಗೆ ನಮ್ಮ ಸೀಮೆಗೆ ಹೆಮ್ಮೆಯೇ ಇದೆ, ಕಹಿಗೂ ಯುಗಾದಿಯ ದಿನ ಬೇವಿನ ನೆಪದಲ್ಲಿ ಮರ್ಯಾದೆ ಸಿಗುತ್ತದೆ. ಒಗರಿಗೆ ಮಾತ್ರ ಯಾರೂ ಎಲೆ ಹಾಕಿ ಕರೆದದ್ದಿಲ್ಲ. ನನಗೆ ಅದರ ರುಚಿ ಹತ್ತಿಸಿದ್ದು ತಂಗಡಿ.

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ ಈ ಗಿಡದ ಸ್ವಭಾವ ಇಡಿಯಾಗಿ ಅರ್ಥವಾಗುತ್ತದೆ. ಸಿಂಧನೂರಿನ ಸುತ್ತ ತುಂಗಭದ್ರೆಯ ಎಡದಂಡೆ ಕಾಲುವೆ ನೀರು. ಕಣ್ಣು ಹಾಯುವವರೆಗೂ ಸೋನಾ ಮಸೂರಿ ಗದ್ದೆ, ಬೆಳ್ಳಕ್ಕಿ, ಹಸಿ ಮಣ್ಣಿನ ವಾಸನೆ. ಅಲ್ಲಿ ತಂಗಡಿಯನ್ನು ಹುಡುಕಿಯೇ ಕಾಣಬೇಕು. ಬಸ್ಸು ಮಸ್ಕಿಯ ಕಡೆ ಹೊರಳಿ ಗದ್ದೆಗಳು ಹಿಂದೆ ಬಿದ್ದು, ತೊಗರಿ, ಸಜ್ಜೆಯ ಹೊಲಗಳ ನಡುವೆ ಬಂಡೆಗುಡ್ಡಗಳು ಎದ್ದು ನಿಂತಾಗ ಹೊಲದ ಬದುವಿನಲ್ಲಿ, ರಸ್ತೆಯ ಮಗ್ಗುಲಿನ ಗರಸಿನಲ್ಲಿ ಅರಿಸಿನ ಚೆಲ್ಲಿದಂತೆ ಮೊದಲ ಪೊದೆ ಕಾಣುತ್ತದೆ. ಅಲ್ಲಿಂದ ಲಿಂಗಸುಗೂರಿನವರೆಗೆ ಅದು ಜೊತೆ ಬಿಡುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಕಲ್ಲು ಮಿಶ್ರಿತ ನೆಲ, ಯಾರೂ ಹಾಕದ ನೀರು, ಯಾರೂ ಹಾಕದ ಗೊಬ್ಬರ. ಮೇಕೆ ಕೂಡ ಇದಕ್ಕೆ ಬಾಯಿ ಹಾಕಲು ಹಿಂದೆಮುಂದೆ ನೋಡುತ್ತದೆ. ಅದೇ ಒಗರು ಗಿಡವನ್ನು ಕಾಯುತ್ತಿದೆ.

ಆಳೆತ್ತರದ ಪೊದೆ ಇದು. ಹತ್ತಿರ ಹೋಗಿ ನೋಡಿದರೆ ಎಲೆಯ ಬುಡದಲ್ಲಿ ಕಿವಿಯಂತೆ ದುಂಡಗೆ ಅಗಲಿಸಿದ ಎರಡು ಪುಟ್ಟ ಎಸಳುಗಳಿವೆ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಗಿಡಕ್ಕೆ ಹೆಸರಿಡುವಾಗ ಆ ಕಿವಿಗಳನ್ನೇ ಹಿಡಿದುಕೊಂಡು 'ಆರಿಕ್ಯುಲೇಟಾ' ಎಂದ. ಹೂವಿಗೆ ಐದು ದಳ. ದೂರಕ್ಕೆ ಬರೀ ಹಳದಿ, ಕಣ್ಣಿನ ಹತ್ತಿರ ತಂದರೆ ಒಂದೊಂದು ದಳದಲ್ಲೂ ಕಿತ್ತಳೆ ಬಣ್ಣದ ನರಗಳು, ಅಂಚು ಸುಕ್ಕುಸುಕ್ಕು. ನಡುವೆ ಕುಡುಗೋಲಿನಂತೆ ಬಾಗಿದ ಉದ್ದ ಕೇಸರಗಳು. ಅವುಗಳ ಪರಾಗಕೋಶ ಬೇರೆ ಹೂಗಳಂತೆ ಉದ್ದಕ್ಕೆ ಸೀಳಿಕೊಳ್ಳುವುದಿಲ್ಲ. ತುದಿಯಲ್ಲಿ ಒಂದು ಸಣ್ಣ ರಂಧ್ರ ಮಾತ್ರ ತೆರೆಯುತ್ತದೆ. ಕಪ್ಪು ಬಡಗಿದುಂಬಿ ಬಂದು ಹೂವನ್ನು ಅಪ್ಪಿಕೊಂಡು, ರೆಕ್ಕೆ ನಿಲ್ಲಿಸಿ, ಎದೆಯನ್ನಷ್ಟೇ ನಡುಗಿಸಿ ಝುಂಯ್ ಎಂದರೆ ಉಪ್ಪಿನ ಡಬ್ಬಿ ಅಲ್ಲಾಡಿಸಿದಂತೆ ಪರಾಗ ಉದುರುತ್ತದೆ. ಬೆಳಗಿನ ಎಂಟು ಗಂಟೆಗೆ ಮಸ್ಕಿಯ ಗುಡ್ಡದ ಬುಡದಲ್ಲಿ ಒಂದು ಪೊದೆಯ ಪಕ್ಕ ಕೂತರೆ ಈ ನಾದ ಕೇಳುತ್ತದೆ. ಹಾರುವಾಗಿನ ಗುಂಯ್‌ಗಿಂತ ಇದರ ಸ್ವರ ಒಂದು ಮೆಟ್ಟಿಲು ಮೇಲೆ. ಒಂದು ಸಲ ಕಿವಿಗೆ ಬಿದ್ದರೆ ಮರೆಯುವಂಥದ್ದಲ್ಲ.

ಹೊನ್ನಾವರಿಕೆ ಎಂಬ ಇನ್ನೊಂದು ಹೆಸರೂ ಈ ಗಿಡಕ್ಕಿದೆ. ಹೊನ್ನು ಎಂಬ ಮಾತು ನಮ್ಮ ಸೀಮೆಯಲ್ಲಿ ಬರೀ ಉಪಮೆಯಲ್ಲ. ಹಟ್ಟಿಯ ಚಿನ್ನದ ಗಣಿ ಲಿಂಗಸುಗೂರು ತಾಲೂಕಿನಲ್ಲೇ ಇದೆ. ಮಸ್ಕಿಯ ದುರ್ಗದ ಗುಡ್ಡದಲ್ಲಿ 1915ರಲ್ಲಿ ಅಶೋಕನ ಶಾಸನವನ್ನು ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಹೊನ್ನಿನ ಜಾಡು ಹಿಡಿದು ಬಂದವರಿಗೆ ಸಿಕ್ಕಿದ್ದು ಒಬ್ಬ ಅರಸನ ಹೆಸರು. ಅಲ್ಲಿಯವರೆಗೆ 'ದೇವಾನಾಂಪ್ರಿಯ' ಎಂಬ ಬಿರುದಿನ ಹಿಂದೆ ಮರೆಯಾಗಿದ್ದ ಅಶೋಕ ಈ ಬಂಡೆಯ ಮೇಲೆ ತನ್ನ ಹೆಸರಿನಿಂದಲೇ ಕಾಣಿಸಿಕೊಂಡ. ಮಸ್ಕಿಯ ಶಾಸನ ಗಿಡಮೂಲಿಕೆಯ ಮಾತನ್ನು ಆಡುವುದಿಲ್ಲ. ಆದರೆ ಅದೇ ಅರಸ ಕರ್ನೂಲು ಸೀಮೆಯ ಎರ್ರಗುಡಿಯ ಬಂಡೆಯಲ್ಲಿ ಬರೆಸಿದ ಎರಡನೆಯ ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಔಷಧಿಯ ಗಿಡಗಳಿಲ್ಲದ ಕಡೆ ತರಿಸಿ ನೆಡಿಸಿದ್ದನ್ನು ಹೇಳಿದ್ದಾನೆ. ದುರ್ಗದ ಗುಡ್ಡ ಹತ್ತುವಾಗಲೆಲ್ಲ ನನಗೆ ಆ ಸಾಲುಗಳ ನೆನಪು. ಇಲ್ಲಿ ಮಾತ್ರ ಯಾರೂ ತರಿಸಬೇಕಿರಲಿಲ್ಲ. ಔಷಧಿ ತಾನೇ ಬೇರು ಬಿಟ್ಟುಕೊಂಡು ನಿಂತಿದೆ.

ಊರ ಹೆಸರುಗಳಲ್ಲೂ ಈ ಗಿಡ ಕಿವಿಗೆ ಬೀಳುತ್ತದೆ. ಲಿಂಗಸುಗೂರು ತಾಲೂಕಿನ ಬಡಗಣ ಗಡಿಯಲ್ಲಿ ಹರಿಯುವ ಕೃಷ್ಣೆಯ ಆಚೆ ದಂಡೆಗೆ, ಮುದ್ದೇಬಿಹಾಳ ತಾಲೂಕಿನಲ್ಲಿ, ತಂಗಡಗಿ ಇದೆ. ಬಸವಣ್ಣನವರ ಮಡದಿ ನೀಲಾಂಬಿಕೆ ಐಕ್ಯರಾದ ತಾಣ. 1565ರಲ್ಲಿ ವಿಜಯನಗರದ ಕಥೆಯನ್ನೇ ತಿರುಗಿಸಿದ ಕಾಳಗವನ್ನು ನಾವು ರಕ್ಕಸಗಿ–ತಂಗಡಗಿ ಯುದ್ಧ ಎಂದೇ ಕರೆಯುವುದು. ಊರಿಗೆ ಆ ಹೆಸರು ಗಿಡದಿಂದಲೇ ಬಂತೆಂದು ನಾನು ಪಣ ತೊಡುವುದಿಲ್ಲ. ಆದರೂ ಯುದ್ಧದ ಆ ಹೆಸರನ್ನು ಓದಿದಾಗೆಲ್ಲ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಹಳದಿ ಹೂ.

ಈಗ ಒಗರಿನ ಒಳಗುಟ್ಟಿಗೆ ಬರುತ್ತೇನೆ. ತಂಗಡಿಯ ತೊಗಟೆಯಲ್ಲಿ ನೂರಕ್ಕೆ ಸುಮಾರು 18 ಪಾಲು ಟ್ಯಾನಿನ್ ಇದೆ. ತೊಗಲು ಹದ ಮಾಡುವವರಿಗೆ ಇದು ತಲೆಮಾರುಗಳಿಂದ ಗೊತ್ತು. ತಂಗಡಿ ತೊಗಟೆಯನ್ನು ಜಜ್ಜಿ ನೆನೆಹಾಕಿದ ನೀರಿನಲ್ಲಿ ಹಸಿ ತೊಗಲನ್ನು ದಿನಗಟ್ಟಲೆ ಇಟ್ಟು, ಕೊಳೆಯಬೇಕಾದದ್ದನ್ನು ಬಾಳುವಂತೆ ಮಾಡುವ ವಿದ್ಯೆ ಅದು. ನೀರು ಸೇದುವ ಕಪಿಲೆಯ ಬಾನಿ, ಮೆಟ್ಟು, ಹಗ್ಗ, ಬಾರುಕೋಲು, ಹಲಗೆ ಎಲ್ಲಕ್ಕೂ ಈ ಹದವೇ ಆಧಾರವಾಗಿತ್ತು. ಮದರಾಸಿನಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದ ಹದಮಾಡಿದ ತೊಗಲಿನ ಹೆಸರುವಾಸಿಯ ಹಿಂದೆಯೂ ತಂಗಡಿ ಇತ್ತು. ಕಳೆದ ಶತಮಾನದಲ್ಲಿ ದಕ್ಷಿಣ ಆಫ್ರಿಕದಿಂದ ಬಂದ ವ್ಯಾಟಲ್ ತೊಗಟೆ, ಕ್ರೋಮಿಯಂ ಉಪ್ಪು ಅದರ ಜಾಗ ಹಿಡಿದವು. ಕೇರಿಯ ಕೈಗಳಿಗೆ ಗೊತ್ತಿದ್ದ ಆ ಜ್ಞಾನವನ್ನು ಊರು ವಿದ್ಯೆ ಎಂದು ಕರೆಯಲೇ ಇಲ್ಲ. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಟ್ಯಾನಿನ್ ತೊಗಲಿನ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಬಿಗಿಗೊಳಿಸುತ್ತದೆ. ಬಾಯಲ್ಲೂ ನಡೆಯುವುದು ಇದೇ. ಜೊಲ್ಲಿನಲ್ಲಿರುವ ಪ್ರೋಟೀನನ್ನು ಟ್ಯಾನಿನ್ ಕಟ್ಟಿಹಾಕುತ್ತದೆ, ನಾಲಿಗೆಯ ಮೇಲಿನ ನುಣುಪು ಹೋಗುತ್ತದೆ, ನಾವು ಅದನ್ನು ಒಗರು ಎನ್ನುತ್ತೇವೆ. ಹಾಗೆ ನೋಡಿದರೆ ಒಗರು ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ. ಮೊಗ್ಗು ಅಗಿದ ಎರಡು ನಿಮಿಷ ನನ್ನ ಬಾಯಿ ಒಂದು ಪುಟ್ಟ ಹದದ ಬಾನಿ.

ಆಯುರ್ವೇದ ಕಷಾಯ ರಸಕ್ಕೆ ಕೊಟ್ಟ ಕೆಲಸಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ರೋಮಾಂಚನವಾಗುತ್ತದೆ. ಕಷಾಯ ರಸ ಹರಿಯುವುದನ್ನು ತಡೆಯುತ್ತದೆ, ಗಾಯವನ್ನು ಕೂಡಿಸುತ್ತದೆ, ಮೈಯ ಅತಿಯಾದ ತೇವವನ್ನು ಹೀರುತ್ತದೆ ಎನ್ನುತ್ತಾನೆ ಚರಕ. ಅದಕ್ಕೇ ವಸಡಿನಲ್ಲಿ ರಕ್ತ ಒಸರಿದರೆ ತಂಗಡಿ ತೊಗಟೆ ಕುದಿಸಿದ ನೀರಿನಿಂದ ಬಾಯಿ ಮುಕ್ಕಳಿಸುವುದು, ಗಂಟಲು ಕೆಟ್ಟರೂ ಅದೇ ನೀರು, ಹೊಟ್ಟೆ ಕಳಚಿದರೆ ತೊಗಟೆಯ ಕಷಾಯ. ಎಳೆ ಕಡ್ಡಿಯನ್ನು ಹಲ್ಲುಜ್ಜಲು ಮುರಿದುಕೊಳ್ಳುವುದೂ ಈ ಬಿಗಿಗಾಗಿಯೇ. ಭೇದಿ ಮಾಡಿಸಲೆಂದು ಅಂಗಡಿಯಲ್ಲಿ ಸಿಗುವ ಸೋನಾಮುಖಿ ಇದರ ಹತ್ತಿರದ ದಾಯಾದಿ. ಒಂದೇ ಕುಲದಲ್ಲಿ ಹುಟ್ಟಿ ಅದು ಬಿಡಿಸುತ್ತದೆ, ತಂಗಡಿಯ ತೊಗಟೆ ಕಟ್ಟುತ್ತದೆ.

ಹೂವಿನ ಹೆಸರು ಹೆಚ್ಚು ಓಡಾಡುವುದು ಸಕ್ಕರೆ ಕಾಯಿಲೆಯ ಮಾತಿನಲ್ಲಿ. ಸಂಸ್ಕೃತದಲ್ಲಿ ಆವರ್ತಕಿ ಎನ್ನಿಸಿಕೊಂಡ ಇದನ್ನು ಪ್ರಮೇಹಕ್ಕೆ ಹೇಳಿದ್ದಾರೆ. ಮೈಯಲ್ಲಿ ತೇವ ಮಿಕ್ಕಿ ಮೂತ್ರವಾಗಿ ಹರಿಯುವ ಕಾಯಿಲೆ ಅದು ಎಂದು ಕಂಡವರು ಹೀರುವ ರಸವನ್ನು ಎದುರು ನಿಲ್ಲಿಸಿದ್ದು ಎಷ್ಟು ಸಹಜ! ತಮಿಳು ಸಿದ್ಧವೈದ್ಯರು ನೇರಳೆ, ಮತ್ತಿ, ಕೊನ್ನಾರಿಗಳ ಜೊತೆ ಇದನ್ನು ಕೂಡಿಸಿ 'ಆವಾರೈ ಕುಡಿನೀರ್' ಎಂಬ ಕಷಾಯ ಮಾಡುತ್ತಾರೆ. ಶ್ರೀಲಂಕಾದಲ್ಲಿ ಇದೇ ಗಿಡ 'ರಣವರ' ಎಂಬ ಹೆಸರಿನಲ್ಲಿ ಚಹದಂತೆ ಬಟ್ಟಲಿಗೆ ಇಳಿಯುತ್ತದೆ. ಅಣ್ಣಾಮಲೈ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೂವಿನ ಸಾರ ಕೊಟ್ಟ ಮಧುಮೇಹಿ ಇಲಿಗಳ ರಕ್ತದ ಸಕ್ಕರೆ ಇಳಿದದ್ದು ಕಂಡಿತು. ಇಲಿಗಳಲ್ಲಿ, ಎಂಬುದನ್ನು ಒತ್ತಿ ಹೇಳಬೇಕು. ತಂಗಡಿ ಹೂವಿನ ಮೇಲೆ ಭಾರ ಹಾಕಿ ವೈದ್ಯರ ಗುಳಿಗೆ ಬಿಟ್ಟವರು ಆಸ್ಪತ್ರೆ ಸೇರಿದ್ದನ್ನು ನಾನು ಕಂಡಿದ್ದೇನೆ. ಗುಳಿಗೆಯ ಜೊತೆ ಇದನ್ನೂ ಕುಡಿದರೆ ಸಕ್ಕರೆ ಅಳತೆ ಮೀರಿ ಇಳಿಯಬಹುದು, ಆದ್ದರಿಂದ ವೈದ್ಯರಿಗೆ ತಿಳಿಸದೆ ಶುರು ಮಾಡುವುದು ಬೇಡ. ಇನ್ನೊಂದು ಮಾತು. ಶ್ರೀಲಂಕಾದ ಮೂಲಿಕೆಗಳ ಬಗ್ಗೆ 1981ರಲ್ಲಿ ಪ್ರಕಟವಾದ ಅಧ್ಯಯನ ಯಕೃತ್ತಿಗೆ ಹಾನಿ ಮಾಡಬಲ್ಲ ಪೈರೊಲಿಝಿಡಿನ್ ಆಲ್ಕಲಾಯ್ಡ್‌ಗಳನ್ನು ಈ ಗಿಡದಲ್ಲೂ ಗುರುತಿಸಿತು. ದಿನವೂ ಲೋಟಗಟ್ಟಲೆ ಕುಡಿಯುವ ಗಿಡ ಇದಲ್ಲ. ಕಷಾಯ ರಸ ಅತಿಯಾದರೆ ಹೊಟ್ಟೆ ಉಬ್ಬುತ್ತದೆ, ಮಾತೇ ಕಟ್ಟುತ್ತದೆ ಎಂದು ಚರಕನೂ ಎಚ್ಚರಿಸಿದ್ದ. ಬೀಜದ ಪುಡಿಯನ್ನು ಕಣ್ಣುಬೇನೆಗೆ ಹಾಕುವ ಹಳೆಯ ರೂಢಿಯೂ ಇದೆ. ಅದನ್ನು ಹಳೆಯದಾಗಿಯೇ ಉಳಿಸುವುದು ಒಳ್ಳೆಯದು.

ನನ್ನ ಪಾಲಿನ ತಂಗಡಿ ಬಹುಪಾಲು ಕಣ್ಣಿನದು, ಮೂಗಿನದು. ದಸರೆಯಿಂದ ದೀಪಾವಳಿಯವರೆಗೆ ಹೂ ಒತ್ತಾಗಿ ಬಿಡುವ ಕಾಲ. ಆಗ ನೆರೆಯ ತೆಲಂಗಾಣದಲ್ಲಿ ಬತುಕಮ್ಮನ ಹಬ್ಬಕ್ಕೆ ಬುಟ್ಟಿಗಟ್ಟಲೆ ತಂಗೇಡು ಕೊಯ್ಯುತ್ತಾರೆ, ಆ ರಾಜ್ಯದ ರಾಜ್ಯಪುಷ್ಪವೂ ಅದೇ. 1956ರವರೆಗೆ ಅವರೂ ನಾವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವರು, ಹೂವಿನ ಹೆಸರೂ ಒಂದೆರಡು ಅಕ್ಷರ ಆಚೀಚೆ. ಅವ್ವ ಹೂವನ್ನು ನೆರಳಲ್ಲಿ ಒಣಗಿಸಿ ಹೆಸರುಹಿಟ್ಟಿಗೆ ಬೆರೆಸಿ ಇಡುತ್ತಿದ್ದಳು, ಎಣ್ಣೆ ಸ್ನಾನದ ದಿನ ಮೈಗೆ ಹಚ್ಚಲು. ಬಿಸಿಲಲ್ಲಿ ಒಣಗಿಸಿದರೆ ಬಣ್ಣ ಹೋಗುತ್ತದೆ ಎಂಬುದು ಅವಳ ಕಟ್ಟುನಿಟ್ಟು. ಒಣಗಿದ ಹೂವಿಗೆ ಹುಲ್ಲಿನ ಬಣವೆಯ ವಾಸನೆ, ಅದರೊಳಗೆ ಎಲ್ಲೋ ಜೇನಿನ ಎಳೆ.

ಬೇಸಿಗೆಯಲ್ಲಿ ಎಲೆಯ ಸರದಿ. ಹೊಲಕ್ಕೆ ಹೋಗುವವರು ಒಂದು ಹಿಡಿ ತಂಗಡಿ ಸೊಪ್ಪು ಕಿತ್ತು ರುಮಾಲಿನೊಳಗೆ ಇಟ್ಟುಕೊಂಡು ಸುತ್ತಿಕೊಳ್ಳುತ್ತಾರೆ, ನೆತ್ತಿಗೆ ತಂಪು ಎಂದು. ಕಳೆದ ಏಪ್ರಿಲ್‌ನಲ್ಲಿ ಮಟಮಟ ಮಧ್ಯಾಹ್ನ ದುರ್ಗದ ಗುಡ್ಡ ಹತ್ತುವಾಗ ನಾನೂ ಹಾಗೆಯೇ ಮಾಡಿದೆ. ಬಂಡೆಗಳು ಕಾದ ಹಂಚಿನಂತಿದ್ದವು. ಕುರಿ ಕಾಯುತ್ತಿದ್ದ ಹುಡುಗನೊಬ್ಬ ನನ್ನ ಟವೆಲ್ಲಿನ ಅಂಚಿನಿಂದ ಇಣುಕುತ್ತಿದ್ದ ಸೊಪ್ಪು ನೋಡಿ, "ಇನ್ನೊಂದೀಟು ಹಾಕ್ಕೊರಿ, ಅಷ್ಟು ಸಾಲಂಗಿಲ್ಲ" ಎಂದ. ಹಾಕಿಕೊಂಡೆ. ಶಾಸನದ ಬಂಡೆಯ ನೆರಳಿಗೆ ಬಂದು ಟವೆಲ್ ಬಿಚ್ಚಿದಾಗ ಎಲೆಗಳು ಬಾಡಿ ಕೂದಲಿಗೆ ಅಂಟಿದ್ದವು. ಬೆವರಿನಲ್ಲಿ ಒದ್ದೆಯಾದ ಒಂದನ್ನು ತೆಗೆದು ನಾಲಿಗೆಯ ಮೇಲಿಟ್ಟುಕೊಂಡೆ. ಮೊದಲು ಉಪ್ಪು, ಆಮೇಲೆ ನಿಧಾನವಾಗಿ ಒಗರು.