ಪಲ್ಲಕ್ಕಿಯ ಕೆಳಗಿನ ಹೆಗಲು

ಹೊಟ್ಟೆಯಲ್ಲಿ ಬೆಂಕಿಯಿಟ್ಟುಕೊಂಡು ಓಡುವ ವಾಹನಕ್ಕಿಂತ ಬೆಂಕಿಯಿಲ್ಲದೆ ಚಲಿಸುವ ವಾಹನವು ಅಹಿಂಸೆಗೆ ಹತ್ತಿರವಾದುದೆಂಬ ಭಾವನೆ ಶ್ರಾವಕರ ಮನೆಗಳಲ್ಲಿ ಸಹಜವಾಗಿ ನೆಲೆಸಿದೆ. ಅಗ್ನಿಕಾಯಿಕ ಜೀವಗಳನ್ನು ಒಪ್ಪುವ ದರ್ಶನದಲ್ಲಿ ಅದು ಅಸಂಗತವೂ ಅಲ್ಲ. ಮೋಟಾರನ್ನು ಬೆಟ್ಟದ ಬುಡದಲ್ಲಿ ಬಿಟ್ಟು ಡೋಲಿಯಲ್ಲಿ ಕುಳಿತು ಮೇಲೇರುವ ಯಾತ್ರಿಕನಿಗೆ ತಾನು ನಿರ್ದೋಷವಾದ ಸಾಧನವನ್ನು ಆರಿಸಿಕೊಂಡೆನೆಂಬ ಸಮಾಧಾನವಿರಬಹುದು. ಆದರೆ ಡೋಲಿ ನಡೆಯುವುದೂ ಒಂದು ಉರಿಯಿಂದಲೇ. ಆ ಉರಿ ಹೊರುವವನ ಜಠರದಲ್ಲಿದೆ. ಈ ಉರಿಯನ್ನು ನಮ್ಮ ಪುರಾಣಗಳೂ ಕಾವ್ಯಗಳೂ ಕಲೆಗಳೂ ಎಷ್ಟರಮಟ್ಟಿಗೆ ಕಂಡಿವೆ ಎಂಬುದು ಪರಿಶೀಲನೆಗೆ ಯೋಗ್ಯವಾದ ಪ್ರಶ್ನೆ.

ಪಲ್ಲಕ್ಕಿಯ ವಿಷಯ ಬಂದಾಗಲೆಲ್ಲ ಮೊದಲು ಉದಾಹರಿಸಲ್ಪಡುವುದು ದೀಕ್ಷಾಕಲ್ಯಾಣದ ಶಿಬಿಕೆ. ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿ ಆದಿತೀರ್ಥಂಕರರು ಸುದರ್ಶನವೆಂಬ ಶಿಬಿಕೆಯನ್ನೇರಿ ದೀಕ್ಷಾವನಕ್ಕೆ ತೆರಳುತ್ತಾರೆ. ಮೊದಲ ಏಳು ಹೆಜ್ಜೆ ಅದನ್ನು ಹೊತ್ತವರು ಭೂಮಿಯ ಅರಸರು. ಅನಂತರದ ಏಳು ಹೆಜ್ಜೆ ವಿದ್ಯಾಧರರು. ಆ ಬಳಿಕ ದೇವತೆಗಳು. ಹೊರುವ ಕಾರ್ಯ ಇಲ್ಲಿ ಸೇವೆಗಿಂತ ಹೆಚ್ಚಾಗಿ ಪ್ರಶಸ್ತಿ. ದೇವತೆಗಳಿಗಿಂತ ಮೊದಲು ಮನುಷ್ಯನ ಹೆಗಲಿಗೆ ಅವಕಾಶ ದೊರೆತದ್ದು ಸಂಯಮಧಾರಣೆಗೆ ಮನುಷ್ಯನೊಬ್ಬನೇ ಅರ್ಹನೆಂಬ ಕಾರಣದಿಂದ ಎಂದು ಪ್ರವಚನಕಾರರು ವಿವರಿಸುವುದುಂಟು. ಪಂಚಕಲ್ಯಾಣ ಮಹೋತ್ಸವಗಳಲ್ಲಿ ಶಿಬಿಕೆಗೆ ಹೆಗಲು ಕೊಡಲು ಶ್ರಾವಕರು ಇಂದಿಗೂ ಮುಗಿಬೀಳುವುದಕ್ಕೆ ಈ ಪ್ರಸಂಗವೇ ಆಧಾರ.

ಆದರೆ ಈ ವರ್ಣನೆಯನ್ನು ಬಾಡಿಗೆಯ ಡೋಲಿಯ ಸಮರ್ಥನೆಗೆ ಎಳೆತರುವುದು ಪಾಠಕ್ಕೆ ಮಾಡುವ ಅನ್ಯಾಯ. ಅಲ್ಲಿ ಹೊರುವವರು ಅರಸರು. ಹೊರದಿದ್ದರೂ ಅವರ ರಾತ್ರಿಯ ಊಟಕ್ಕೆ ತೊಂದರೆಯಿರಲಿಲ್ಲ. ಏಳು ಹೆಜ್ಜೆಗಳಾದ ಮೇಲೆ ಹೆಗಲು ಬದಲಾಯಿತು. ಇನ್ನೂ ಮುಖ್ಯವಾದ ಮಾತೆಂದರೆ, ಭಗವಂತನ ಪಾಲಿಗೆ ಅದು ಕೊನೆಯ ವಾಹನ. ವನದಲ್ಲಿ ಇಳಿದ ಮೇಲೆ ಆತ ಮತ್ತೆ ಯಾವ ಶಿಬಿಕೆಯನ್ನೂ ಏರಲಿಲ್ಲ. ಆರು ತಿಂಗಳ ಯೋಗ ಮುಗಿದ ಬಳಿಕ ಆಹಾರಕ್ಕಾಗಿ ಊರೂರು ಸುತ್ತಿದ್ದು ಕಾಲ್ನಡಿಗೆಯಲ್ಲಿ. ಕವಿಯ ದೃಷ್ಟಿ ರತ್ನಗಳ ಮೇಲೆ, ದೇವದುಂದುಭಿಯ ಮೇಲೆ ನಿಂತಿದೆಯೇ ಹೊರತು ಭಾರದ ಮೇಲಿಲ್ಲ. ಇದನ್ನು ಕಾವ್ಯದ ದೋಷವೆನ್ನಲಾಗದು. ಸ್ವಇಚ್ಛೆಯಿಂದ ಹೊತ್ತವನಿಗೆ ಭಾರ ತಿಳಿಯುವುದಿಲ್ಲ, ಮತ್ತು ಅವನು ಬೇಕೆಂದಾಗ ಇಳಿಸಬಲ್ಲ. ದೋಷವಿರುವುದು ಈ ಚಿತ್ರವನ್ನು ಇಳಿಸಲಾರದವನ ಹೆಗಲಿಗೆ ತಂದು ಹೊಂದಿಸುವವರಲ್ಲಿ.

ಇಳಿಸಲಾರದವನ ಕಥೆಯೊಂದು ಭಾಗವತದ ಐದನೆಯ ಸ್ಕಂಧದಲ್ಲಿದೆ. ಜೈನ ಓದುಗರು ಇದನ್ನು ಅಷ್ಟಾಗಿ ಗಮನಿಸಿದಂತಿಲ್ಲ, ಗಮನಿಸಬೇಕಾದದ್ದು. ಅಲ್ಲಿಯೂ ನಾಭಿರಾಜ–ಮೇರುದೇವಿಯರ ಮಗ ಋಷಭ, ಋಷಭನ ಹಿರಿಯ ಮಗ ಭರತ. ಹೆಸರುಗಳ ಸಾಮ್ಯ ಇಲ್ಲಿಗೆ ನಿಂತು ಕಥೆಗಳು ಬೇರೆಯಾಗುತ್ತವೆ. ನಮ್ಮ ಪರಂಪರೆಯ ಭರತ ಚಕ್ರವರ್ತಿಯಾಗಿ ಬಾಳಿ ಅದೇ ಜನ್ಮದಲ್ಲಿ ಮುಕ್ತನಾಗುತ್ತಾನೆ. ಭಾಗವತದ ಭರತ ಜಿಂಕೆಯ ಮರಿಯೊಂದರ ಮೇಲಿನ ಮೋಹದಿಂದ ಜಿಂಕೆಯಾಗಿ ಹುಟ್ಟಿ, ಆಮೇಲೆ ಬ್ರಾಹ್ಮಣನ ಮನೆಯಲ್ಲಿ ಜಡನಂತೆ ಬೆಳೆಯುತ್ತಾನೆ. ಸಿಂಧು–ಸೌವೀರ ದೇಶದ ಅರಸ ರಹೂಗಣನು ತತ್ತ್ವಜ್ಞಾನವನ್ನು ಕೇಳಲೆಂದು ಕಪಿಲರ ಬಳಿಗೆ ಪಲ್ಲಕ್ಕಿಯಲ್ಲಿ ಹೊರಟಿರುವಾಗ ಇಕ್ಷುಮತಿಯ ದಡದಲ್ಲಿ ಹೊರಲು ಒಬ್ಬ ಆಳು ಬೇಕಾಗುತ್ತದೆ. ದಷ್ಟಪುಷ್ಟನಾಗಿ ಕಂಡ ಈ ಜಡಭರತನನ್ನು ಬೋಯಿಗಳ ಮುಖಂಡ ಬಿಟ್ಟಿ ಹಿಡಿದು ದಂಡಿಗೆಗೆ ಹೂಡುತ್ತಾನೆ. ಅವನು ಮರುಮಾತಿಲ್ಲದೆ ಹೊರುತ್ತಾನೆ. ಆದರೆ ಕಾಲಡಿಯ ಜೀವಿಗಳು ಸಾಯದಂತೆ ಬಾಣದಳತೆಯಷ್ಟು ಮುಂದಿನ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುವುದರಿಂದ ಉಳಿದವರ ನಡೆಗೆ ಅವನ ನಡೆ ಹೊಂದುವುದಿಲ್ಲ. ಪಲ್ಲಕ್ಕಿ ಕುಲುಕುತ್ತದೆ. ಅರಸ ಸಿಟ್ಟಾಗುತ್ತಾನೆ.

ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯಬೇಕೆಂಬ ಈರ್ಯಾಸಮಿತಿಯನ್ನು ಬಲ್ಲವರಿಗೆ ಈ ದೃಶ್ಯ ಅಪರಿಚಿತವಾಗಿ ತೋರದು. ಮುನಿಯ ನಡಿಗೆ ಇಲ್ಲಿ ಬೋಯಿಯ ಕಾಲಿಗೆ ಬಂದಿದೆ. ಇಡೀ ಪ್ರಸಂಗದ ಬಿಗಿ ಇರುವುದು ಇದರಲ್ಲಿಯೇ: ಇರುವೆಯನ್ನು ಉಳಿಸುವ ಹೆಜ್ಜೆಯೂ ಸವಾರನಿಗೆ ಸುಖವಾದ ಹೆಜ್ಜೆಯೂ ಒಂದೇ ಆಗಲಾರವು. ವೇಗ ಬೇಕೆಂದು ಮೇಲಿನಿಂದ ಕೂಗುವವನು ಕೆಳಗಿನವನ ಸಮಿತಿಯನ್ನು ಮುರಿಯುತ್ತಾನೆ. ಹಿಂಸೆಯನ್ನು ತಾನು ಮಾಡದೆ ಮಾಡಿಸುತ್ತಾನೆ. ಕೃತ, ಕಾರಿತ, ಅನುಮೋದಿತಗಳನ್ನು ಸಮನಾಗಿ ಎಣಿಸುವ ಧರ್ಮಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ದೊರೆಯುವುದು ಕಷ್ಟ.

ಮುಂದೆ ಜಡಭರತನು ಹೊರುವವನಾರು, ಹೊರಲ್ಪಡುವವನಾರು ಎಂದು ದೇಹಾತ್ಮಗಳ ವಿವೇಚನೆ ಮಾಡಿ ಅರಸನನ್ನು ನಿರುತ್ತರಗೊಳಿಸುತ್ತಾನೆ. ಅರಸ ಪಲ್ಲಕ್ಕಿಯಿಂದಿಳಿದು ಅವನ ಕಾಲಿಗೆರಗುತ್ತಾನೆ. ವ್ಯಾಖ್ಯಾನಕಾರರು ಮೆಚ್ಚುವ ಭಾಗ ಇದು. ಆದರೆ ವಿಮರ್ಶೆ ತಡೆದು ಕೇಳಬೇಕಾದದ್ದು ಇಲ್ಲಿಯೇ: ಉಳಿದ ಬೋಯಿಗಳು ಏನಾದರು? ಪಲ್ಲಕ್ಕಿ ಕುಲುಕಿದಾಗ ದಂಡನೆಗೆ ಹೆದರಿ, ತಪ್ಪು ತಮ್ಮದಲ್ಲ, ಹೊಸಬನದು ಎಂದು ಬಿನ್ನವಿಸಿಕೊಂಡವರು ಅವರೇ. ಬಡವನ ಭಯವನ್ನು ಪುರಾಣಕಾರ ಒಂದೇ ಮಾತಿನಲ್ಲಿ ನಿಜವಾಗಿ ಹಿಡಿದಿದ್ದಾನೆ; ಹಿಡಿದು ಅಲ್ಲಿಯೇ ಬಿಟ್ಟಿದ್ದಾನೆ. ಅರಸ ಪಶ್ಚಾತ್ತಾಪಪಟ್ಟದ್ದು ಮನುಷ್ಯನ ಮೇಲೆ ಕುಳಿತುದಕ್ಕಲ್ಲ, ಜ್ಞಾನಿಯನ್ನು ಅವಮಾನಿಸಿದುದಕ್ಕೆ. ಆ ದಿನ ದಂಡಿಗೆಗೆ ಸಿಕ್ಕವನು ಸಾಧಾರಣ ಕೂಲಿಯಾಗಿದ್ದರೆ ರಹೂಗಣನ ತತ್ತ್ವಜಿಜ್ಞಾಸೆಯ ಯಾತ್ರೆ ಯಾವ ಅಡ್ಡಿಯೂ ಇಲ್ಲದೆ ಮುಂದುವರಿಯುತ್ತಿತ್ತು.

ಈ ಕೊರತೆಯನ್ನು ತುಂಬುವ ಸಾಮಗ್ರಿ ಜೈನ ಶ್ರಾವಕಾಚಾರಗಳಲ್ಲಿದೆ, ಅದೂ ಕಥೆಯ ಅಲಂಕಾರವಿಲ್ಲದೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಬಂಧ, ವಧ, ಛೇದಗಳ ಬಳಿಕ ಅತಿಭಾರಾರೋಪಣವನ್ನು ಎಣಿಸುತ್ತದೆ. ನ್ಯಾಯವಾದ ಭಾರಕ್ಕಿಂತ ಹೆಚ್ಚನ್ನು ಹೊರಿಸುವುದೆಂದು ಪೂಜ್ಯಪಾದರು ಅದನ್ನು ಅರ್ಥೈಸುತ್ತಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವರು ಅತಿಭಾರವನ್ನು ಅಹಿಂಸೆಯ ಅತಿಚಾರಗಳಲ್ಲಿ ಹೇಳಿದ್ದಲ್ಲದೆ, ಅತಿವಾಹನ ಮತ್ತು ಅತಿಭಾರವಹನಗಳನ್ನು ಪರಿಗ್ರಹಪರಿಮಾಣವ್ರತದ ಅತಿಚಾರಗಳಲ್ಲಿಯೂ ಸೇರಿಸಿದ್ದಾರೆ. ಮಿತಿಮೀರಿ ನಡೆಸುವುದು ಮತ್ತು ಹೊರಿಸುವುದು ಕ್ರೌರ್ಯದಿಂದ ಮಾತ್ರವಲ್ಲ, ಲೋಭದಿಂದಲೂ ಹುಟ್ಟುತ್ತವೆಂದು ಅವರು ಕಂಡಿದ್ದಾರೆ. ಈ ಉಪದೇಶವನ್ನು ಎತ್ತು ಕತ್ತೆಗಳಿಗೆ ಸೀಮಿತಗೊಳಿಸಿ ಓದುವ ರೂಢಿ ಬೆಳೆದದ್ದು ವಿಚಿತ್ರ. ಗಾಡಿಯ ಎತ್ತಿಗೆ ಹೇರಿದ ಮೂಟೆಯನ್ನು ಕಂಡು ಮರುಗುವ ಕಣ್ಣು ಬೆಟ್ಟದ ಮೆಟ್ಟಿಲ ಮೇಲೆ ಎರಡು ಕಾಲಿನವನನ್ನು ಕಾಣದೆ ಹೋಗಬಾರದು.

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳು ಆರುನೂರಕ್ಕೂ ಹೆಚ್ಚು. ಬಿಸಿಲೇರಿದ ಮೇಲೆ ಬರಿಗಾಲಿಗೆ ಅಷ್ಟೇ ಸಾಕಾಗುತ್ತದೆ. ಪಾಲಿತಾಣದ ಶತ್ರುಂಜಯಕ್ಕೆ ಮೂರು ಸಾವಿರಕ್ಕೂ ಮೀರಿದ ಮೆಟ್ಟಿಲು. ಗಿರನಾರಿನ ತುದಿಯವರೆಗೆ ಹತ್ತಿರ ಹತ್ತಿರ ಹತ್ತು ಸಾವಿರ. ಸಮ್ಮೇದಶಿಖರದ ವಂದನೆ ಏರುವುದು, ಸುತ್ತುವುದು, ಇಳಿಯುವುದು ಸೇರಿ 27 ಕಿಲೋಮೀಟರ್. ಈ ನಾಲ್ಕೂ ಕಡೆ ಡೋಲಿಗಳಿವೆ. ಸಮ್ಮೇದಶಿಖರದಲ್ಲಿ ಡೋಲಿ ಹೊರುವವರಲ್ಲಿ ಸಂತಾಲ ಸಮುದಾಯದವರೂ ಇದ್ದಾರೆ. ಆ ಬೆಟ್ಟ ಅವರಿಗೆ ಮರಾಂಗ್ ಬುರು, ಅವರದೇ ದೈವ. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಗೆ ಯಾತ್ರಿಕನನ್ನು ಹೊತ್ತೊಯ್ಯುವವನು ತನ್ನ ದೇವರ ಮೈಮೇಲೆ ನಡೆಯುತ್ತಿರುತ್ತಾನೆ. ಇದನ್ನು ಬಲ್ಲ ಯಾತ್ರಿಕರು ಎಷ್ಟು ಮಂದಿ?

ಗಿರನಾರಿನ ಬುಡದಲ್ಲಿ ಯಾತ್ರಿಕನನ್ನು ತಕ್ಕಡಿಯಲ್ಲಿ ತೂಗಿ ದರ ಹೇಳುವ ಪದ್ಧತಿ ಹಿಂದಿನಿಂದ ಪ್ರಸಿದ್ಧ. ಪ್ರವಾಸಗ್ರಂಥಗಳು ಇದನ್ನು ವಿನೋದವಾಗಿ ವರ್ಣಿಸುತ್ತವೆ: ಧಾನ್ಯದ ಮೂಟೆಯಂತೆ ತೂಗಿಸಿಕೊಳ್ಳುವವನಿಗೆ ಎಂಥ ಮುಜುಗರವೆಂದು. ಮುಜುಗರವೆಲ್ಲ ಕೂರುವವನದಾಗಿ, ಹೊರುವವನು ಆ ಬರಹದಲ್ಲಿ ಕಾಣಿಸುವುದೇ ಇಲ್ಲ. ತೂಕಕ್ಕೆ ತಕ್ಕ ಕೂಲಿ ಎಂಬುದು ಒಂದು ಬಗೆಯ ನ್ಯಾಯವೇ ಸರಿ. ತೂಗದೆ ಹೊರಿಸುವುದಕ್ಕಿಂತ ಎಷ್ಟೋ ಮೇಲು. ಆದರೆ ಇದರಲ್ಲಿ ಒಂದು ಮೋಸವೂ ಅಡಗಿದೆ. ಶಾಸ್ತ್ರವು ಅತಿಭಾರವನ್ನು ಅತಿಚಾರವೆಂದಿತು. ತಕ್ಕಡಿ ಅದನ್ನು ದರವಾಗಿ ಮಾರ್ಪಡಿಸಿತು. ಹೆಚ್ಚು ಕೊಟ್ಟರೆ ಹೆಚ್ಚು ಹೊರಿಸಬಹುದೆಂದಾದ ಮೇಲೆ ಮಿತಿಯೆಂಬುದು ಹೊರುವವನ ಮೂಳೆಯಲ್ಲಿಲ್ಲ, ಕೂರುವವನ ಚೀಲದಲ್ಲಿದೆ. ಪೂಜ್ಯಪಾದರ ನ್ಯಾಯವಾದ ಭಾರವನ್ನು ನಿಶ್ಚಯಿಸುವ ಅಧಿಕಾರ ಯಾರದು? ಹಸಿದವನ ಒಪ್ಪಿಗೆ ಅದಕ್ಕೆ ಪ್ರಮಾಣವಾಗಲಾರದು.

ಹಸಿದವನ ಒಪ್ಪಿಗೆ ಹೇಗೆ ಹುಟ್ಟುತ್ತದೆಂಬುದನ್ನು ಬಿಮಲ್ ರಾಯ್ ಅವರ 1953ರ ಹಿಂದಿ ಚಿತ್ರ 'ದೋ ಬಿಘಾ ಜಮೀನ್' ತೋರಿಸಿದಷ್ಟು ನಿಚ್ಚಳವಾಗಿ ಬೇರೆ ಕೃತಿಗಳು ತೋರಿಸಿರುವುದು ವಿರಳ. ಬಲರಾಜ್ ಸಾಹನಿ ಅಭಿನಯಿಸಿದ ಶಂಭು, ಜಮೀನುದಾರನ ಸಾಲಕ್ಕೆ ಸಿಕ್ಕಿ, ಎರಡು ಬಿಘಾ ನೆಲವನ್ನು ಉಳಿಸಿಕೊಳ್ಳಲು ಮೂರು ತಿಂಗಳ ಗಡುವಿನಲ್ಲಿ ಕಲ್ಕತ್ತೆಗೆ ಬಂದು ಕೈರಿಕ್ಷಾ ಎಳೆಯುತ್ತಾನೆ. ಮುಂದೆ ಹೋಗುತ್ತಿರುವ ಯುವತಿಯನ್ನು ಹಿಡಿಯಲು ಸವಾರನೊಬ್ಬ ಇನ್ನೂ ಜೋರಾಗಿ, ಇನ್ನೂ ಜೋರಾಗಿ ಎನ್ನುತ್ತ ಹಣವನ್ನು ಏರಿಸುತ್ತಾ ಹೋಗುತ್ತಾನೆ. ಚಕ್ರ ಕಳಚುವವರೆಗೆ ಶಂಭು ಓಡುತ್ತಾನೆ. ರಹೂಗಣನ ಕೂಗು ಇಲ್ಲಿ ವಿಲಾಸಿಯ ಬಾಯಿಗೆ ಬಂದಿದೆ, ಸಿಟ್ಟಿನ ಬದಲು ನೋಟು. ಎಳೆಯುವವನು ತತ್ತ್ವವನ್ನು ಹೇಳಲಾರ, ಉಸಿರೇ ಉಳಿದಿಲ್ಲ. ಪಾತ್ರಕ್ಕಾಗಿ ಸಾಹನಿಯವರು ಕಲ್ಕತ್ತೆಯ ಬೀದಿಗಳಲ್ಲಿ ರಿಕ್ಷಾ ಎಳೆಯುವುದನ್ನು ಅಭ್ಯಾಸ ಮಾಡಿದ್ದರು, ಆ ದುಡಿಮೆ ಅವರ ಮೈಯಲ್ಲಿ ಕಾಣುತ್ತದೆ. ಚಿತ್ರದಲ್ಲಿ ಅತಿರೇಕಗಳಿಲ್ಲವೆಂದಲ್ಲ, ದುರದೃಷ್ಟಗಳು ಒಂದರ ಮೇಲೊಂದು ಬೀಳುವ ರೀತಿ ನಂಬಿಕೆಯನ್ನು ಅಲ್ಲಲ್ಲಿ ಪರೀಕ್ಷಿಸುತ್ತದೆ. ಆದರೂ ಅದು ರಿಕ್ಷಾವನ್ನು ಖಳನನ್ನಾಗಿಸದೆ, ಆ ಮನುಷ್ಯ ರಿಕ್ಷಾದ ಮುಂದೆ ಬಂದು ನಿಂತ ದಾರಿಯನ್ನು ಹಿಂದಕ್ಕೆ ಹುಡುಕಿಕೊಂಡು ಹೋಗುತ್ತದೆ. ಈ ವಿವೇಕ ಮುಂದೆ ಶಾಸನ ಮಾಡಿದವರಲ್ಲಿ ಯಾವಾಗಲೂ ಕಾಣಲಿಲ್ಲ.

ಕಲ್ಕತ್ತೆಯ ಕೈರಿಕ್ಷಾಗಳನ್ನು ತೆಗೆಯುವುದಾಗಿ ಪಶ್ಚಿಮ ಬಂಗಾಳ ಸರ್ಕಾರ 2005ರಲ್ಲಿ ಸಾರಿತು. 2006ರಲ್ಲಿ ಕಾನೂನನ್ನೂ ತಂದಿತು. ಎಳೆಯುವವರೇ ಅದನ್ನು ವಿರೋಧಿಸಿದರು, ವಿಷಯ ನ್ಯಾಯಾಲಯಕ್ಕೆ ಹೋಯಿತು, ರಿಕ್ಷಾಗಳು ಉಳಿದವು. ಮೋಟಾರು ವಾಹನಗಳಿಗೆ ನಿಷೇಧವಿರುವ ಮಹಾರಾಷ್ಟ್ರದ ಮಾಥೆರಾನ್ ಗಿರಿಧಾಮದಲ್ಲಿ ಗಾಳಿಯ ಶುದ್ಧಿಗಾಗಿ ಯಂತ್ರವನ್ನು ಹೊರಗಿಟ್ಟು ಮನುಷ್ಯನನ್ನು ಗಾಡಿಗೆ ಕಟ್ಟಿದ ಸ್ಥಿತಿ ಬಹುಕಾಲವಿತ್ತು. 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಅಮಾನವೀಯವೆಂದು ಕರೆದು, ಆರು ತಿಂಗಳಲ್ಲಿ ನಿಲ್ಲಿಸಿ ವಿದ್ಯುತ್ ರಿಕ್ಷಾಗಳನ್ನು ತರುವಂತೆಯೂ, ಎಳೆಯುತ್ತಿದ್ದವರಿಗೇ ಅವು ದೊರೆಯುವಂತೆ ಯೋಜನೆ ರೂಪಿಸುವಂತೆಯೂ ಆದೇಶಿಸಿತು. 1980ರಲ್ಲಿ ಪಂಜಾಬಿನ ಸೈಕಲ್‌ರಿಕ್ಷಾ ಚಾಲಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠವೂ ನಿಷೇಧವನ್ನು ಬರಿದೇ ಎತ್ತಿಹಿಡಿಯದೆ, ಚಾಲಕರು ಬ್ಯಾಂಕ್ ಸಾಲದಿಂದ ತಮ್ಮ ರಿಕ್ಷಾಗಳಿಗೆ ತಾವೇ ಒಡೆಯರಾಗುವ ಮಾರ್ಗವನ್ನು ತೋರಿಸಿತ್ತು. ಗಾಡಿಯನ್ನು ಕಿತ್ತುಕೊಳ್ಳುವುದಕ್ಕೂ ಗಾಡಿಯನ್ನು ಬದಲಿಸಿಕೊಡುವುದಕ್ಕೂ ಇರುವ ಅಂತರ ಇದು.

ಗಿರನಾರಿನಲ್ಲಿ 2020ರ ಅಕ್ಟೋಬರ್ 24ರಂದು ರೋಪ್‌ವೇ ಆರಂಭವಾಯಿತು. ಸುಮಾರು 2.3 ಕಿಲೋಮೀಟರ್ ದೂರವನ್ನು ಕೆಲವೇ ನಿಮಿಷಗಳಲ್ಲಿ ದಾಟಿಸುವ ಇದರ ಮೇಲಿನ ನಿಲ್ದಾಣ ಅಂಬಾಜಿಯ ಬಳಿಯಿದೆ, ನೇಮಿನಾಥ ಜಿನಾಲಯಕ್ಕಿಂತ ಎತ್ತರದಲ್ಲಿ. ಜಿನದರ್ಶನಕ್ಕೆ ಬಂದವರು ಅಲ್ಲಿಂದ ಕೆಳಗಿಳಿದು ಬರಬೇಕು. ಬೋಗಿಯಲ್ಲಿ ಹೊಗೆಯಿಲ್ಲ, ಕೆಳಗೆ ಯಾರ ಹೆಗಲೂ ಇಲ್ಲ. ಅದನ್ನು ಎಳೆಯುವ ವಿದ್ಯುತ್ತಿನಲ್ಲಿ ಎಷ್ಟು ಪಾಲು ಎಲ್ಲೋ ದೂರದಲ್ಲಿ ಸುಟ್ಟ ಕಲ್ಲಿದ್ದಲಿನಿಂದ ಬಂದಿದೆ ಎಂದು ಕೇಳುವವರಿದ್ದರೆ, ಆ ಪ್ರಶ್ನೆ ನ್ಯಾಯವಾದದ್ದೇ. ಅಗ್ನಿಯನ್ನು ಕಣ್ಣಿನಿಂದ ದೂರಮಾಡುವುದು ಬೇರೆ, ಆರಿಸುವುದು ಬೇರೆ. ಆದರೂ ನಡೆಯಲಾಗದ ವೃದ್ಧರಿಗೆ ಮನುಷ್ಯನ ಬೆನ್ನಿಗಿಂತ ತಂತಿಯೇ ಮೇಲೆಂಬುದರಲ್ಲಿ ಹೆಚ್ಚು ವಾದಕ್ಕೆ ಎಡೆಯಿಲ್ಲ. ವಾದಕ್ಕೆ ಎಡೆಯಿರುವುದು, ನಿನ್ನೆಯವರೆಗೆ ಡೋಲಿ ಹೊತ್ತವರ ಲೆಕ್ಕವನ್ನು ಯಾರು ಇಟ್ಟರು ಎಂಬಲ್ಲಿ.

ವೃದ್ಧರೂ ರೋಗಿಗಳೂ ಡೋಲಿಯನ್ನೇರುವುದನ್ನು ನಿಂದಿಸುವುದು ಒರಟುತನ. ಜೀವಮಾನದಲ್ಲಿ ಒಮ್ಮೆ ಬಾಹುಬಲಿಯ ಪಾದ ನೋಡಬೇಕೆಂದು ಬಂದ ಅಜ್ಜಿಯ ಆಸೆಗೆ ಬೆಲೆಯಿದೆ. ಅವಳನ್ನು ಹೊತ್ತವನ ಮನೆಯ ಒಲೆ ಅಂದು ಉರಿಯುವುದಕ್ಕೂ ಬೆಲೆಯಿದೆ. ವಿಮರ್ಶೆಗೆ ಗುರಿಯಾಗಬೇಕಾದವರು ಕಾಲು ಗಟ್ಟಿಯಿದ್ದೂ ಸಮಯವಿಲ್ಲವೆಂದು ಕೂರುವವರು, ಮತ್ತು ಕೂರಿಸುವ ವ್ಯವಸ್ಥೆಯನ್ನು ದರಪಟ್ಟಿಗಿಂತ ಆಚೆಗೆ ಯೋಚಿಸದವರು. ಭಾರಕ್ಕೊಂದು ಮೇಲ್ಮಿತಿ, ಮಿತಿ ಮೀರಿದರೆ ಹೆಚ್ಚು ಹಣದ ಬದಲು ಹೆಚ್ಚು ಹೆಗಲು, ನಡುದಾರಿಯಲ್ಲಿ ಇಳಿಸಿ ಕೂರಲು ನೆರಳು ಮತ್ತು ನೀರು, ಜಾರಿಬಿದ್ದವನಿಗೆ ವಿಮೆ, ಮಂಡಿ ಸವೆದವನಿಗೆ ಕ್ಷೇತ್ರದಲ್ಲಿಯೇ ಬೇರೊಂದು ಕೆಲಸ: ಇವು ಯಾವ ಟ್ರಸ್ಟಿಗೂ ಅಸಾಧ್ಯವಾದ ವೆಚ್ಚಗಳಲ್ಲ. ಅಭಿಷೇಕದ ಕಲಶಗಳಿಗೆ ದಾನಿಗಳು ದೊರೆಯುವಲ್ಲಿ ಇವಕ್ಕೂ ದೊರೆತಾರು. ಹೊರುವವರ ಹೆಸರು, ವಯಸ್ಸುಗಳ ಒಂದು ಪುಸ್ತಕವನ್ನು ತೆರೆಯುವುದರಿಂದ ಈ ಕೆಲಸ ಆರಂಭವಾಗಬಹುದು. ರೋಪ್‌ವೇ ಬೇಕೋ ಬೇಡವೋ ಎಂಬ ಸಭೆ ಸೇರುವ ದಿನ ಆ ಪುಸ್ತಕ ಮೇಜಿನ ಮೇಲಿರಬೇಕು, ಅದರಲ್ಲಿ ಹೆಸರಿರುವವರಲ್ಲಿ ಒಬ್ಬಿಬ್ಬರಾದರೂ ಸಭೆಯಲ್ಲಿ ಕುಳಿತಿರಬೇಕು.