ಮಾರಿಯ ಮುಂದೆ ನಗುವವರು

‘ಜಾಂಬಿ ರೆಡ್ಡಿ’ಯನ್ನು ನಾನು ನೋಡಿದ್ದು ಮೊಳಕಾಲ್ಮೂರಿನ ಗೆಳೆಯನ ಮನೆಯಲ್ಲಿ, ಮಗ್ಗದ ಪಕ್ಕದ ಕೋಣೆಯಲ್ಲಿ ಕೂತು. ಸಿನಿಮಾ ತೆಲುಗಿನದು, ಆದರೆ ಯಾರಿಗೂ ಮಾತು ಬಿಡಿಸಿ ಹೇಳಬೇಕಾಗಲಿಲ್ಲ. ರಾಯದುರ್ಗ ಇಲ್ಲೇ ಮಗ್ಗುಲಲ್ಲಿದೆ. 1953ರಲ್ಲಿ ಆ ತಾಲ್ಲೂಕನ್ನು ಹಳೆಯ ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಿದರೂ ಹೆಣ್ಣು ಕೊಡುವುದು, ತರುವುದು, ಸಂತೆ, ಸಿನಿಮಾ ಯಾವುದೂ ನಿಲ್ಲಲಿಲ್ಲ.

ಪ್ರಶಾಂತ್ ವರ್ಮ ನಿರ್ದೇಶಿಸಿ, ತೇಜ ಸಜ್ಜಾ ನಾಯಕನಾದ ಈ ಚಿತ್ರ ತೆರೆ ಕಂಡದ್ದು 2021ರ ಫೆಬ್ರವರಿ 5ರಂದು. ಲಾಕ್‌ಡೌನ್ ಮುಗಿದಿತ್ತು, ಕೊರೊನಾದ ಎರಡನೇ ಅಲೆ ಇನ್ನೂ ಬಂದಿರಲಿಲ್ಲ. ಕಥೆಯಲ್ಲಿ ಕೊರೊನಾಕ್ಕೆ ಮದ್ದು ಹುಡುಕುವ ಪ್ರಯೋಗ ಕೆಟ್ಟು, ಕಚ್ಚಿಸಿಕೊಂಡವರೆಲ್ಲ ಕಚ್ಚುವವರಾಗುತ್ತಾರೆ. ಈ ಪಿಡುಗು ಬಂದಿಳಿಯುವುದು ಕರ್ನೂಲು ಸೀಮೆಗೆ, ಅದೂ ಫ್ಯಾಕ್ಷನ್ ರೆಡ್ಡಿಗಳ ಮದುವೆ ಮನೆಗೆ. ಮಚ್ಚು ಮೊದಲೇ ಮಸೆದಿಟ್ಟ ಊರು. ಒಬ್ಬರನ್ನೊಬ್ಬರು ಕಡಿಯಲು ಕಾದವರ ನಡುವೆ ಈಗ ಜಾಂಬಿಗಳು. ಹೊರಗಿನಿಂದ ಬಂದ ಜಾಂಬಿಯನ್ನು ಇಷ್ಟು ಚೆನ್ನಾಗಿ ನಮ್ಮ ಮಣ್ಣಿಗೆ ಇಳಿಸಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ನಡುವೆ ಕಥೆ ಸಡಿಲವಾಗುತ್ತದೆ, ಕೆಲವು ತಮಾಷೆಗಳು ಉದ್ದವಾದವು. ಆದರೂ ಕೊನೆಗೆ ಎಲ್ಲರೂ ಗುಡಿಯ ಅಂಗಳಕ್ಕೇ ಓಡುವಾಗ, ನಿರ್ದೇಶಕನಿಗೆ ತನ್ನ ಸೀಮೆ ಗೊತ್ತಿದೆ ಅನ್ನಿಸಿತು.

ಯಾಕೆಂದರೆ ರೋಗದ ಭಯವನ್ನೂ ನಗುವನ್ನೂ ಒಟ್ಟಿಗೆ ಕಟ್ಟುವುದು ಈ ಕಡೆ ಹೊಸದಲ್ಲ. ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ ಮಾರಮ್ಮನ ಜಾತ್ರೆಗೆ ಹೋದವರಿಗೆ ಇದನ್ನು ಹೇಳಬೇಕಿಲ್ಲ. ಸಾವಿರಾರು ಕೈಗಳಿಂದ ಈರುಳ್ಳಿ ಅಮ್ಮನತ್ತ ತೂರಿ ಬರುತ್ತದೆ. ತಲೆಗೆ ತಾಗುತ್ತದೆ, ಜಜ್ಜಿದ ಈರುಳ್ಳಿಯ ಘಾಟಿಗೆ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಇನ್ನು ಆಸಾದಿಗಳು. ಬಳ್ಳಾರಿ, ಚಿತ್ರದುರ್ಗದ ಮಾರಿಹಬ್ಬಗಳಲ್ಲಿ ಉರುಮೆ, ಹಲಗೆಯ ಸದ್ದಿನ ನಡುವೆ ನಿಂತು ಮಾರಿಯನ್ನು ಹೊಗಳುತ್ತಲೇ ಬಾಯಿಗೆ ಬಂದಂತೆ ಬೈಯುವ ಹಕ್ಕು ಅವರದು. ಸಿಡುಬು, ಕಾಲರಾ ತರುವವಳೂ ಅವಳೇ, ಕಾಯುವವಳೂ ಅವಳೇ. ಅಂಥವಳ ಎದುರು ಹಸಿಹಸಿ ಮಾತಾಡಿ ಜನರನ್ನು ನಗಿಸುವುದು ಪೂಜೆಯೊಳಗೇ ಸೇರಿದ ಕೆಲಸ. ನಕ್ಕವರ ಮೈ ಹಗುರಾಗುತ್ತದೆ, ಬೈಸಿಕೊಂಡ ಅಮ್ಮ ಶಾಂತಳಾಗಿ ಊರ ಗಡಿ ದಾಟುತ್ತಾಳೆ. ಸಿಡುಬು ಇಂಡಿಯಾದಲ್ಲಿ ಕೊನೆಯದಾಗಿ ಕಂಡದ್ದು 1975ರಲ್ಲಿ. ಆಸಾದಿಯ ಹಾಡಿಗೆ ಮಾತ್ರ ಇನ್ನೂ ಕೆಲಸವಿದೆ.

ಹೆದರಿಸಿ ನಗಿಸುವ ನಮ್ಮ ಇನ್ನೊಂದು ಸರಕನ್ನು ಹಿಂದಿಯವರು ಆಗಲೇ ಒಯ್ದಿದ್ದಾರೆ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಮನೆಮನೆಯ ಬಾಗಿಲ ಮೇಲೆ, ದೆವ್ವ ಒಳಗೆ ಬಾರದಿರಲೆಂದು, ‘ನಾಳೆ ಬಾ’ ಎಂದು ಬರೆದದ್ದು ನೆನಪಿರಬೇಕು. ಅದೂ ಒಂದು ಅಂಟುರೋಗವೇ. ಒಂದು ಬೀದಿಯವರು ಬರೆದರೆ ಮರುದಿನ ಪಕ್ಕದ ಬೀದಿಯವರೂ ಸೀಮೆಸುಣ್ಣ ಹಿಡಿಯುತ್ತಿದ್ದರು. ಅದನ್ನು ಚಂದೇರಿಗೆ ಕೊಂಡೊಯ್ದು 2018ರಲ್ಲಿ ‘ಸ್ತ್ರೀ’ ಮಾಡಿದರು. ಬರೆದವರು ರಾಜ್ ಮತ್ತು ಡಿಕೆ, 2013ರಲ್ಲಿ ಗೋವಾದ ದ್ವೀಪಕ್ಕೆ ಜಾಂಬಿಗಳನ್ನು ತಂದು ‘ಗೋ ಗೋವಾ ಗಾನ್’ ಮಾಡಿದ ಅದೇ ಜೋಡಿ. ಆ ಎರಡೂ ಚಿತ್ರ ನನಗೆ ಇಷ್ಟ. ಆದರೆ ಬಾಗಿಲ ಮೇಲಿನ ಆ ಅಕ್ಷರ ಕನ್ನಡದ್ದು, ಆ ಹೆದರಿಕೆ ನಮ್ಮ ಅಜ್ಜಿಯರದು ಎಂಬ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ಆಸಾದಿಯನ್ನು ನಡುವೆ ನಿಲ್ಲಿಸಿ, ಮೊಳಕಾಲ್ಮೂರು, ರಾಯದುರ್ಗ ಸೀಮೆಯ ಕನ್ನಡ ತೆಲುಗು ಬೆರೆತ ಮಾತಲ್ಲೇ ಒಂದು ಪಿಡುಗಿನ ಕಥೆಯನ್ನು ನಮ್ಮ ಹುಡುಗರು ತೆಗೆಯಬೇಕು. ಇದನ್ನು ನಾನು ಬೇಡಿಕೊಂಡೇ ಕೇಳುತ್ತಿದ್ದೇನೆ.

‘ಜಾಂಬಿ ರೆಡ್ಡಿ’ ಹಾಕಿದ ಆ ದಿನ ನಮ್ಮ ಜೊತೆ ಗೆಳೆಯನ ಅವ್ವನೂ ಕೂತು ನೋಡಿದರು. ಚಿಕ್ಕಂದಿನಲ್ಲಿ ಅವರ ಮನೆಯಲ್ಲಿ ಸಿಡುಬಿನ ‘ಅಮ್ಮ’ ಆದಾಗ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದು, ಒಗ್ಗರಣೆ ಹಾಕದೆ ಸಪ್ಪೆ ಉಂಡದ್ದು ಎಲ್ಲ ಅವರಿಗೆ ನೆನಪಿದೆ. ತೆರೆಯ ಮೇಲೆ ಒಬ್ಬ ಗೊರಗೊರ ಅನ್ನುತ್ತ ಕತ್ತು ವಾಲಿಸಿಕೊಂಡು ಬಂದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತಲೇ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. “ಅಯ್ಯೋ ಪಾಪ, ಆ ಹುಡುಗಂಗೆ ಯಾರಾದ್ರೂ ಒಂದೀಟು ಬೇವಿನ ಸೊಪ್ಪು ಸವರ್ರಪ್ಪಾ” ಅಂದರು.